ಈ ವಾರದ ಆಲಿಕೆ: ಜೆಲೆಂಕನ ಮ್ಯಾಗ್ನಿಫಿಕಾಟ್

ಮಾನ್ಯ ಸದಸ್ಯರೇ,

ಜರ್ಮನಿಯ ಡ್ರೆಸ್ಡೆನ್ ಆಸ್ಥಾನದ ಸಂಗೀತ ರಚನಕಾರ ಯಾನ್ ಡಿಸ್ಮಾಸ್ ಜೆಲೆಂಕ (1679–1745) ರಚಿಸಿದ, ಡಿ ಮೇಜರ್ ಸ್ವರಶ್ರೇಣಿಯ ಮ್ಯಾಗ್ನಿಫಿಕಾಟನ್ನು (ಏಸುವಿನ ತಾಯಿ ಮೇರಿ ದೇವರನ್ನು ಸ್ತುತಿಸುವ ಬೈಬಲ್ ಗೀತೆಯ ಸಂಗೀತರೂಪ) ಈ ವಾರ ಕೇಳೋಣ. ‘ಆಮೆನ್’ ಎಂಬ ಒಂದೇ ಪದವನ್ನು ಹಿಡಿದು ಒಂದು ದನಿಯ ಬೆನ್ನಿಗೆ ಇನ್ನೊಂದು ದನಿ ಏರಿಬರುವ ಅದರ ಕೊನೆಯ ಭಾಗವನ್ನು ದಯವಿಟ್ಟು ಎರಡು ಬಾರಿಯಾದರೂ ಆಲಿಸಿ. ಪ್ರಾಟೆಸ್ಟೆಂಟರ ಲೂಥರನ್ ಪಂಥಕ್ಕೆ ಸೇರಿದ್ದ ಹೆಸರಾಂತ ಸಂಗೀತ ರಚನಕಾರ ಬಾಖ್, ಜೆಲೆಂಕ ಕ್ಯಾಥೊಲಿಕ್ ಆರಾಧನೆಗೆಂದು ಬರೆದ ಈ ಭಾಗವನ್ನೇ ಮಗ ವಿಲ್ಹೆಲ್ಮ್ ಫ್ರೀಡೆಮನ್‌ನಿಂದ ಪ್ರತಿ ಮಾಡಿಸಿಕೊಂಡಿದ್ದ. ಸಮಕಾಲೀನನಿಂದ ಇದಕ್ಕಿಂತ ದೊಡ್ಡ ಮನ್ನಣೆ ಬೇರೇನಿದ್ದೀತು?

ಆದರೂ ಜೆಲೆಂಕ ತೀರಿಕೊಂಡ ಮೇಲೆ ಅವನ ಹಸ್ತಪ್ರತಿಗಳು ಆಸ್ಥಾನದ ಸ್ವತ್ತಾಗಿ ಕಪಾಟು ಸೇರಿದವು. ಅಚ್ಚಾಗದ, ಹೊರಗೆ ಅಷ್ಟಾಗಿ ಹರಡದ ಆ ಕೃತಿಗಳು ಮುಂದಿನ ತಲೆಮಾರಿನ ಗಾಯಕರ ಕೈಗೆಟುಕಲಿಲ್ಲ. 19ನೆಯ ಶತಮಾನದಲ್ಲಿ ಜೆಲೆಂಕನಂತೆ ಬೊಹೀಮಿಯದವನೇ (ಇಂದಿನ ಚೆಕ್ ಗಣರಾಜ್ಯದ ಭಾಗ) ಆದ ಸಂಗೀತ ರಚನಕಾರ ಸ್ಮೆಟಾನ ಡ್ರೆಸ್ಡೆನ್‌ನಲ್ಲಿದ್ದ ಕೆಲವನ್ನು ನಕಲು ಮಾಡಿಕೊಂಡ. ನಿಜವಾದ ಮರುಹುಟ್ಟು 20ನೆಯ ಶತಮಾನದ ಉತ್ತರಾರ್ಧದ್ದು: ಮೊದಲು ಹೆಸರಾದದ್ದು ಓಬೋ ವಾದಕ ಹೈಂಟ್ಸ್ ಹಾಲಿಗರ್ ಮತ್ತು ಸಂಗಡಿಗರು ಧ್ವನಿಮುದ್ರಿಸಿದ ಟ್ರಿಯೊ ಸೊನಾಟಾಗಳೆಂಬ ಅವನ ವಾದ್ಯಕೃತಿಗಳು; ವೋಲ್ಫ್‌ಗಾಂಗ್ ರೈಷ್ ಅವರ ಕೃತಿಸೂಚಿ 1985ರಲ್ಲಿ ಪ್ರಕಟವಾಯಿತು. ಜೆಲೆಂಕನ ಕೊನೆಯ ಮಾಸ್‌ಗಳು (ಚರ್ಚಿನ ಪೂಜಾವಿಧಿಯ ಪಠ್ಯಕ್ಕೆ ಕಟ್ಟಿದ ಸಂಗೀತ) ಬಾಖ್‌ನ ಬಿ ಮೈನರ್ ಮಾಸ್‌ನ ಪಕ್ಕದಲ್ಲಿಟ್ಟು ಕೇಳಬೇಕಾದವು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಿಮ್ಮ ಅನಿಸಿಕೆಗಳನ್ನು ಭಾನುವಾರ ಸಂಜೆಯೊಳಗೆ ಇಲ್ಲಿ ಬರೆಯಬೇಕಾಗಿ ವಿನಂತಿ.