ಅಲರ್ಜಿ ಡಾಕ್ಟರನ್ನು ಹುಡುಕಿಕೊಂಡು

ಮಾನ್ಯರೇ,

ಮಳೆಗಾಲ ಶುರುವಾದರೆ ಸಾಕು, ಮಡಿಕೇರಿಯ ನಮ್ಮ ಮನೆ ಗೋಡೆಗೆ ಬೂಷ್ಟು, ಎಂಟು ವರ್ಷದ ಮಗಳಿಗೆ ಸೀನು. ರಾತ್ರಿಯಾದರೆ ಎದೆಯಲ್ಲಿ ಸುಂಯ್ ಸುಂಯ್ ಸದ್ದು. ಶೀತ ಅಂದುಕೊಂಡು ಎರಡು ವರ್ಷ ಸಿರಪ್ ಕುಡಿಸಿದೆವು. ಹತ್ತಿರದಲ್ಲಿ ಅಲರ್ಜಿ ತಜ್ಞರು ಸಿಗದೆ ಸುಮಾರು 120 ಕಿ.ಮೀ. ದೂರದ ಮೈಸೂರಿಗೆ ಹೋದೆವು. ಘಟ್ಟದ ತಿರುವುಗಳಲ್ಲಿ ಮಗಳ ವಾಂತಿ ಬೇರೆ.

ಅಲ್ಲಿ ಮೊದಲ ಪ್ರಶ್ನೆಯೇ ‘ನಿನ್ನೆ ಸಿಟ್ರಿಜಿನ್ ಕೊಟ್ಟಿದ್ರಾ?’ ಕೊಟ್ಟಿದ್ದೆವು! ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಗೆ ಸುಮಾರು ಒಂದು ವಾರ ಮೊದಲೇ ಸೀನು, ತುರಿಕೆ ತಡೆಯುವ ಅಂಥ ಅಲರ್ಜಿ ಔಷಧಿ ನಿಲ್ಲಿಸಿರಬೇಕಂತೆ. ಇಲ್ಲದಿದ್ದರೆ ಅಲರ್ಜಿ ಇದ್ದರೂ ಚುಚ್ಚಿದ ಕಡೆ ಚರ್ಮ ಉಬ್ಬದೇ ಇರಬಹುದು. ಅಪಾಯಿಂಟ್‌ಮೆಂಟ್ ಕೊಡುವಾಗ ಫೋನಿನಲ್ಲೇ ಹೇಳಬಹುದಿತ್ತು, ಅಲ್ವಾ? ಸುಮ್ನೆ ಒಂದು ದಿನ, ಬಸ್ ಚಾರ್ಜು ದಂಡ.

ಎರಡನೇ ಸಲ ಮೊಣಕೈ ಕೆಳಗೆ ಅಲರ್ಜಿ ತರಬಲ್ಲ ಬೇರೆ ಬೇರೆ ವಸ್ತುಗಳ ಹನಿ ಸಾಲಾಗಿ ಇಟ್ಟು ಚುಚ್ಚಿದರು. ಕಾಲು ಗಂಟೆಯಲ್ಲಿ ಒಂದು ಹನಿಯ ಕಡೆ ಸೊಳ್ಳೆ ಕಚ್ಚಿದ ಹಾಗೆ ಉಬ್ಬಿತು. ಅದು ಹಾಸಿಗೆ, ಕಂಬಳಿಯಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು ಹುಳದ್ದು. ಗಾಳಿಯಲ್ಲಿ ತೇವ ಜಾಸ್ತಿ ಇರುವಲ್ಲಿ ಈ ಹುಳ ಹೆಚ್ಚುತ್ತದೆ. ಕೊಡಗಿನ ಮಳೆಗಾಲದ ಬಗ್ಗೆ ಹೇಳಬೇಕೇ?

ಜಿಲ್ಲಾ ಆಸ್ಪತ್ರೆಗೆ ತಿಂಗಳಿಗೊಮ್ಮೆಯಾದರೂ ಅಲರ್ಜಿ ತಜ್ಞರು ಬರುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಲಿ. ಕಾಫಿ ಗೋದಾಮಿನ ಧೂಳಲ್ಲಿ ಕೆಮ್ಮುತ್ತಾ ದುಡಿಯುವ ದೊಡ್ಡವರಿಗೂ ಅವರು ಬೇಕು.

– ಓರ್ವ ತಾಯಿ, ಮಡಿಕೇರಿ