ಕಣ್ಣಿಗೆ ಕಟ್ಟಿದಂತಿರುವ ನೆನಪೂ ತಪ್ಪಿರಬಹುದು

ಮಾನ್ಯ ಸಂಪಾದಕರೇ,

ಭಾವನೆ ಮತ್ತು ನೆನಪಿನ ಸಂಬಂಧವನ್ನು ಕುರಿತು ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಪ್ರಕಟವಾದ ಲೇಖನವನ್ನು ಓದಿದೆ. ಭಯ, ದುಃಖ, ಸಂತೋಷಗಳಿಂದ ಮನಸ್ಸು ಕಲಕಿದ ಗಳಿಗೆಯ ಘಟನೆಗಳು ಬಹುಕಾಲ ನೆನಪಿನಲ್ಲಿ ಉಳಿಯುತ್ತವೆ ಎಂಬ ಅದರ ಮುಖ್ಯ ವಿಚಾರ ಸರಿಯಾದದ್ದೇ. ಆದರೆ ಅಂಥ ನೆನಪುಗಳು ನಡೆದದ್ದನ್ನು ನಡೆದಂತೆಯೇ ಕಾಪಾಡಿಕೊಳ್ಳುತ್ತವೆ ಎಂಬರ್ಥ ಬರುವಂತೆ ಲೇಖನ ಮುಗಿದಿರುವುದರಿಂದ ಈ ಪತ್ರ ಬರೆಯಬೇಕಾಯಿತು. ಗಟ್ಟಿಯಾಗಿ ಉಳಿಯುವುದು ಬೇರೆ, ಸರಿಯಾಗಿ ಉಳಿಯುವುದು ಬೇರೆ. ಈ ವ್ಯತ್ಯಾಸವನ್ನು ಕಡೆಗಣಿಸಿದರೆ ಅದರ ಹೊರೆ ಬೀಳುವುದು ಸಾಕ್ಷಿ ಹೇಳುವವರ ಮೇಲೆ, ಆರೋಪ ಹೊತ್ತವರ ಮೇಲೆ, ನೊಂದವರ ಮೇಲೆ.

ಭಾವನೆ ನೆನಪಿಗೆ ಬಲ ಕೊಡುವ ಬಗೆ ಈಗ ಸಾಕಷ್ಟು ತಿಳಿದಿದೆ. ಉದ್ವೇಗಗೊಂಡಾಗ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸೋಲ್ ಎಂಬ ಹಾರ್ಮೋನುಗಳು ಸ್ರವಿಸುತ್ತವೆ. ಮಿದುಳಿನಲ್ಲಿ ಭಾವನೆಗಳಿಗೆ ಸ್ಪಂದಿಸುವ ಅಮಿಗ್ಡಲ ಎಂಬ ಭಾಗ ಚುರುಕಾಗಿ, ಅನುಭವವನ್ನು ನೆನಪಾಗಿ ನೆಲೆಗೊಳಿಸುವ ಹಿಪ್ಪೊಕ್ಯಾಂಪಸ್‌ನ ಕೆಲಸಕ್ಕೆ ಒತ್ತು ಕೊಡುತ್ತದೆ. 1994ರಲ್ಲಿ ಲ್ಯಾರಿ ಕಾಹಿಲ್, ಜೇಮ್ಸ್ ಮೆಕ್‌ಗಾ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ತಾಯಿಯೊಂದಿಗೆ ಹೊರಟ ಹುಡುಗನೊಬ್ಬ ಅಪಘಾತಕ್ಕೆ ಸಿಕ್ಕಿ ಆಸ್ಪತ್ರೆ ಸೇರುವ ಕಥೆಯನ್ನು ಚಿತ್ರಗಳೊಡನೆ ತೋರಿಸಲಾಯಿತು. ಅಡ್ರಿನಲಿನ್ ಪ್ರಭಾವವನ್ನು ತಡೆಯುವ ಪ್ರೊಪ್ರನೊಲಾಲ್ ಔಷಧ ಪಡೆದವರಿಗೆ ವಾರದ ನಂತರ ಕಥೆಯ ಸಾಧಾರಣ ಭಾಗ ಉಳಿದವರಷ್ಟೇ ನೆನಪಿತ್ತು. ಆದರೆ ಅಪಘಾತದ ಭಾಗ ಉಳಿದವರ ನೆನಪಿನಲ್ಲಿ ಎದ್ದು ನಿಂತಂತೆ ಅವರ ನೆನಪಿನಲ್ಲಿ ಎದ್ದು ನಿಲ್ಲಲಿಲ್ಲ. ಲೇಖನದ ವಾದಕ್ಕೆ ಇಲ್ಲಿಯವರೆಗೆ ಪೂರ್ಣ ಆಧಾರವಿದೆ.

ಲೇಖನ ಬಿಟ್ಟಿರುವುದು ಇದರ ಮುಂದಿನ ಅಧ್ಯಾಯವನ್ನು. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದು ಏಳು ಮಂದಿ ಸತ್ತರು. ಮರುದಿನ ಬೆಳಿಗ್ಗೆ ಅಮೆರಿಕದ ಎಮರಿ ವಿಶ್ವವಿದ್ಯಾಲಯದಲ್ಲಿ ಉಲ್ರಿಕ್ ನೈಸರ್ ಮತ್ತು ನಿಕೋಲ್ ಹಾರ್ಶ್ ವಿದ್ಯಾರ್ಥಿಗಳಿಂದ, ಸುದ್ದಿ ಎಲ್ಲಿ ತಿಳಿಯಿತು, ಯಾರು ಹೇಳಿದರು, ಆಗ ಏನು ಮಾಡುತ್ತಿದ್ದಿರಿ ಎಂದು ಬರೆಸಿಕೊಂಡರು. ಸುಮಾರು ಎರಡೂವರೆ ವರ್ಷದ ಬಳಿಕ ಅವರಲ್ಲಿ 44 ಮಂದಿಗೆ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿ, ಎರಡೂ ಉತ್ತರಗಳನ್ನು ಹೋಲಿಸಿ ಏಳಕ್ಕೆ ಅಂಕ ಕೊಟ್ಟಾಗ ಸರಾಸರಿ ಮೂರನ್ನೂ ಮುಟ್ಟಲಿಲ್ಲ. 11 ಮಂದಿಗೆ ಸೊನ್ನೆ ಬಂದಿತು. ಪೂರ್ತಿ ಅಂಕ ಪಡೆದವರು ಮೂವರು. ತರಗತಿಯಲ್ಲಿದ್ದಾಗ ಒಳಬಂದವರ ಬಾಯಿಂದ ಸುದ್ದಿ ಕೇಳಿದೆ ಎಂದು ಮೊದಲ ದಿನ ಬರೆದಿದ್ದ ವಿದ್ಯಾರ್ಥಿನಿಯೊಬ್ಬಳು, ಹಾಸ್ಟೆಲ್ ಕೋಣೆಯಲ್ಲಿ ಗೆಳತಿಯೊಂದಿಗೆ ಟಿ.ವಿ. ನೋಡುತ್ತಿದ್ದಾಗ ತಿಳಿಯಿತು ಎಂದು ಆಮೇಲೆ ಹೇಳಿದಳು. ಇವರಲ್ಲಿ ಬಹುತೇಕರಿಗೆ ತಮ್ಮ ನೆನಪಿನ ಬಗ್ಗೆ ಅನುಮಾನವೇ ಇರಲಿಲ್ಲ. ತಮ್ಮದೇ ಕೈಬರಹವನ್ನು ಮುಂದಿಟ್ಟಾಗಲೂ ಹಳೆಯ ನೆನಪು ಮರಳಲಿಲ್ಲ ಎಂಬುದು, ನನ್ನ ದೃಷ್ಟಿಯಲ್ಲಿ, ಈ ಅಧ್ಯಯನದ ಅತ್ಯಂತ ಗಂಭೀರ ಅಂಶ. ಅವರು ಸುಳ್ಳು ಹೇಳುತ್ತಿರಲಿಲ್ಲ; ಅವರಿಗೆ ಉಳಿದಿದ್ದದ್ದು ಆ ಎರಡನೆಯ ಕಥೆಯೊಂದೇ.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಜೆನಿಫರ್ ಟಲಾರಿಕೊ ಮತ್ತು ಡೇವಿಡ್ ರೂಬಿನ್ ನಡೆಸಿದ ಅಧ್ಯಯನವೂ ಇದನ್ನೇ ತೋರಿಸಿತು. ದಾಳಿಯ ಸುದ್ದಿ ತಿಳಿದ ಕ್ಷಣದ ನೆನಪೂ ಅದೇ ದಿನಗಳ ಮಾಮೂಲಿ ಘಟನೆಯ ನೆನಪೂ ಒಂದೇ ಪ್ರಮಾಣದಲ್ಲಿ ಮಾಸಿದವು. ಮಾಸದೆ ಉಳಿದದ್ದು ಮೊದಲನೆಯದರ ಸ್ಪಷ್ಟತೆಯ ಭಾವ ಮತ್ತು ಅದರ ಮೇಲಿನ ನಂಬಿಕೆ.

ನೆನಪನ್ನು ಹೊರತೆಗೆದಾಗಲೆಲ್ಲ ಮಿದುಳು ಅದನ್ನು ಸ್ವಲ್ಪ ಮಟ್ಟಿಗೆ ಹೊಸದಾಗಿ ಕಟ್ಟುತ್ತದೆ. ಆಗ ಬೇರೆಯವರ ಮಾತು, ಟಿ.ವಿ.ಯಲ್ಲಿ ಕಂಡ ದೃಶ್ಯ, ಕೇಳಿದ ಪ್ರಶ್ನೆಯ ಧಾಟಿ ಕೂಡ ಒಳಸೇರಬಹುದು. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ವಾಹನ ಅಪಘಾತದ ಚಲನಚಿತ್ರದ ತುಣುಕು ತೋರಿಸಿ, ಕಾರುಗಳು ಒಂದಕ್ಕೊಂದು ತಾಗಿದಾಗ ವೇಗ ಎಷ್ಟಿತ್ತು ಎಂದು ಕೆಲವರನ್ನು, ಅಪ್ಪಳಿಸಿದಾಗ ಎಷ್ಟಿತ್ತು ಎಂದು ಇನ್ನು ಕೆಲವರನ್ನು ಕೇಳಿದರು. ವಾರದ ಬಳಿಕ, ಚಿತ್ರದಲ್ಲಿ ಇಲ್ಲದ ಒಡೆದ ಗಾಜನ್ನು ಕಂಡೆವು ಎಂದವರು ಮೊದಲ ಗುಂಪಿನ 50 ಜನರಲ್ಲಿ 7, ಎರಡನೆಯ ಗುಂಪಿನ 50 ಜನರಲ್ಲಿ 16. ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ: ಆಯುಧ ಎದುರಿಗಿದ್ದಾಗ ಗಮನವೆಲ್ಲ ಆಯುಧದ ಮೇಲೆ ನೆಟ್ಟು, ಹಿಡಿದವನ ಮುಖ ಅಷ್ಟಾಗಿ ಮನಸ್ಸಿಗೆ ಇಳಿಯುವುದಿಲ್ಲ.

ಇದರಿಂದ ಎರಡು ಬಗೆಯ ಅನ್ಯಾಯ ಸಾಧ್ಯ. ಆತ್ಮವಿಶ್ವಾಸದಿಂದ ನುಡಿದ ಸಾಕ್ಷಿಯನ್ನು ನಂಬಿ ನಿರಪರಾಧಿಯನ್ನು ಶಿಕ್ಷಿಸುವುದು ಒಂದು. ಅಮೆರಿಕದಲ್ಲಿ ಡಿಎನ್‌ಎ ಪರೀಕ್ಷೆಯಿಂದ ನಿರಪರಾಧಿಗಳೆಂದು ಸಾಬೀತಾಗಿ ಬಿಡುಗಡೆಯಾದವರ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಪ್ರತ್ಯಕ್ಷದರ್ಶಿಗಳು ತಪ್ಪಾಗಿ ಗುರುತಿಸಿದ್ದರು. ಇನ್ನೊಂದರ ಬಗ್ಗೆ ಚರ್ಚೆ ಕಡಿಮೆ, ನನಗೆ ಹೆಚ್ಚು ನೋವು ಕೊಡುವುದು ಅದೇ. ದೌರ್ಜನ್ಯಕ್ಕೆ ಒಳಗಾದವರು ಇಂದು ಹೇಳಿದ ಒಂದು ವಿವರ ಹಿಂದೆ ಹೇಳಿದ್ದಕ್ಕೆ ಹೊಂದದಿದ್ದರೆ, ಇಡೀ ಘಟನೆಯೇ ಕಟ್ಟುಕಥೆ ಎಂದು ತಳ್ಳಿಹಾಕುವವರಿದ್ದಾರೆ. ಸಮಯ, ಬಟ್ಟೆಯ ಬಣ್ಣ, ಯಾವುದು ಮೊದಲು ಯಾವುದು ಆಮೇಲೆ ಎಂಬಂಥ ವಿವರಗಳಲ್ಲಿ ವ್ಯತ್ಯಾಸ ಬರುವುದು ನೆನಪಿನ ಸಹಜ ಗುಣ; ಅಷ್ಟರಿಂದಲೇ ಘಟನೆ ನಡೆದಿಲ್ಲವೆಂದು ತೀರ್ಮಾನಿಸಲು ಬರುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಪ್ರತ್ಯಕ್ಷದರ್ಶಿಯ ಮಾತನ್ನು ಪ್ರಕಟಿಸುವಾಗ, ಘಟನೆ ನಡೆದ ಎಷ್ಟು ದಿನಗಳ ಮೇಲೆ ಅವರು ಮಾತನಾಡಿದರು ಎಂಬುದನ್ನೂ ತಿಳಿಸಬೇಕು. ಉತ್ತರವನ್ನು ಬಾಯಿಗೆ ತುರುಕುವಂಥ ಪ್ರಶ್ನೆಗಳನ್ನು ವರದಿಗಾರರು ಕೇಳಬಾರದು. ಏನಾಯಿತು ಹೇಳಿ ಎಂದು ಕೇಳಿ, ಅವರು ಮುಗಿಸುವವರೆಗೆ ಕಾಯಬೇಕು. ಹೇಳಿಕೆ ಬದಲಾದಾಗ ಶೀರ್ಷಿಕೆಯಲ್ಲೇ ಅದನ್ನು ಸುಳ್ಳೆಂದು ಸಾರುವ ಮೊದಲು, ಬದಲಾದದ್ದು ಘಟನೆಯ ತಿರುಳೋ ಅಂಚಿನ ವಿವರವೋ ಎಂದು ಪರಿಶೀಲಿಸಬೇಕು. ವಿಜ್ಞಾನ ಪುಟದ ಆ ಲೇಖನಕ್ಕೆ ಮುಂದಿನ ಭಾಗವೊಂದನ್ನು ಬರೆಸಿದರೆ ಓದುಗರಿಗೆ ಉಪಕಾರವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಮನಃಶಾಸ್ತ್ರದ ಅಧ್ಯಾಪಕಿ