ಎಪಾಕ್ಸಿ ‘ಅಮೃತಶಿಲೆ’ಯ ಮೇಲೆ ಬಿಸಿ ಕುಕ್ಕರ್ ಇಡುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ಹಳೆಯ ಅಡುಗೆಕಟ್ಟೆಗೆ ಎಪಾಕ್ಸಿ ರೆಸಿನ್ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಪ್ಲಾಸ್ಟಿಕ್‌ನಂಥ ಲೇಪನ) ಸುರಿದು ಒಂದೇ ದಿನದಲ್ಲಿ ಅಮೃತಶಿಲೆಯ ಹೊಳಪು ತರಬಹುದು ಎಂಬ ನಿಮ್ಮ ಪುರವಣಿಯ ಬರಹ ಓದಿದೆವು. ಹೊಳಪು ಬರುವುದು ನಿಜ. ಆದರೆ ಸುರಿಯುವ ಅರ್ಧ ಗಂಟೆಗೆ ಬರಹದಲ್ಲಿ ಸಿಕ್ಕ ಜಾಗ ಅದಕ್ಕೆ ಮೊದಲಿನ ತಯಾರಿಗೂ ಆಮೇಲೆ ಕಾಯಬೇಕಾದ ಒಂದು ವಾರಕ್ಕೂ ಸಿಕ್ಕಿಲ್ಲ. ಬಿಸಿಯ ಮಾತಂತೂ ಇಲ್ಲವೇ ಇಲ್ಲ. ಲೇಪನದ ಕೆಲಸ ಮಾಡುವವರಾಗಿ ಆ ಭಾಗವನ್ನು ಇಲ್ಲಿ ಬರೆದಿದ್ದೇವೆ.

ಬಿಸಿಯಿಂದಲೇ ಶುರು ಮಾಡುತ್ತೇವೆ. ಕೋಣೆಯ ಉಷ್ಣಾಂಶದಲ್ಲಿ ಗಟ್ಟಿಯಾಗುವ ಸಾಮಾನ್ಯ ಎಪಾಕ್ಸಿ 50ರಿಂದ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗತೊಡಗುತ್ತದೆ. ಪ್ರೆಷರ್ ಕುಕ್ಕರಿನೊಳಗೆ ನೀರು ಕುದಿಯುವುದು 120 ಡಿಗ್ರಿ ಹತ್ತಿರ; ದೋಸೆ ಕಾವಲಿ 200 ಡಿಗ್ರಿ ಮುಟ್ಟುತ್ತದೆ. ಒಲೆಯಿಂದ ಇಳಿಸಿದ ಪಾತ್ರೆಯನ್ನು ಪಕ್ಕದ ಕಲ್ಲಿನ ಮೇಲೆ ಇಡುವುದು ನಮ್ಮ ಅಡುಗೆಮನೆಗಳಲ್ಲಿ ಕೈಗೆ ಬಂದ ರೂಢಿ. ಗ್ರಾನೈಟ್ ಅದನ್ನು ತಡೆದುಕೊಳ್ಳುತ್ತದೆ, ಎಪಾಕ್ಸಿ ತಡೆಯುವುದಿಲ್ಲ. ಪಾತ್ರೆಯ ತಳದ ಅಚ್ಚು ಬೀಳುತ್ತದೆ, ಹೊಳಪು ಹೋಗಿ ಬಿಳಚಿದ ಉಂಗುರ ಉಳಿಯುತ್ತದೆ. ಕೆಲವು ಡಬ್ಬಿಗಳ ಮೇಲೆ 200 ಡಿಗ್ರಿಗೂ ಮೀರಿದ ಸಂಖ್ಯೆ ಕಾಣುತ್ತದೆ. ಅದು ಸಾಮಾನ್ಯವಾಗಿ ಕ್ಷಣಮಾತ್ರದ ಸ್ಪರ್ಶಕ್ಕೆ ಹೇಳಿದ್ದು. ಕೊಳ್ಳುವವರು ಕೇಳಬೇಕಾದದ್ದು ಮಾಹಿತಿಪತ್ರದಲ್ಲಿರುವ ‘ಗ್ಲಾಸ್ ಟ್ರಾನ್ಸಿಷನ್ ಉಷ್ಣಾಂಶ’, ಅಂದರೆ ಗಟ್ಟಿಯಾದ ಎಪಾಕ್ಸಿ ಮೆತ್ತಗಾಗತೊಡಗುವ ಉಷ್ಣಾಂಶ. ಅಂಗಡಿಯವರು ಅದನ್ನು ಕೊಡಲಾರದಿದ್ದರೆ 50 ಎಂದೇ ಹಿಡಿಯಿರಿ. ಒಲೆಯ ಎರಡೂ ಬದಿಗೆ ಒಂದೊಂದು ಅಡಿ ಜಾಗವನ್ನು ಬರೀ ಕಲ್ಲಾಗಿಯೇ ಬಿಟ್ಟು, ಉಳಿದ ಭಾಗಕ್ಕೆ ಮಾತ್ರ ಎಪಾಕ್ಸಿ ಹಾಕಿಸಿಕೊಳ್ಳುವುದು ನಮ್ಮ ಪ್ರಕಾರ ಸರಿಯಾದ ದಾರಿ. ನೋಟಕ್ಕೆ ಸ್ವಲ್ಪ ಕಡಿಮೆಯೇ, ಇರಲಿ.

ಇನ್ನೊಂದು ಮಾತು. ಕಟ್ಟೆಯಲ್ಲಿರುವುದು ಒಳ್ಳೆಯ ಗ್ರಾನೈಟ್, ಪಾಲಿಶ್ ಮಾತ್ರ ಹೋಗಿದೆ ಎಂದಾದರೆ ಡೈಮಂಡ್ ಪ್ಯಾಡ್ ಹಾಕಿ ಮರುಪಾಲಿಶ್ ಮಾಡಿಸಿ ಸುಮ್ಮನಿರಿ. ಎಪಾಕ್ಸಿಗೆ ನಿಜವಾದ ಉಪಯೋಗ ಇರುವುದು ಕಡಪ ಕಲ್ಲು, ಸಿಮೆಂಟ್ ಕಟ್ಟೆ, ಸಂದುಗಳಲ್ಲಿ ಕೊಳೆ ಕೂತ ಟೈಲ್ಸ್ ಇವುಗಳ ಮೇಲೆ. ಕಡಪ ಸುಣ್ಣಕಲ್ಲಿನ ಜಾತಿಯದು. ಹುಣಸೆಹುಳಿ, ನಿಂಬೆರಸ ಬಿದ್ದಲ್ಲೆಲ್ಲ ಅದು ಮಂಕಾಗುತ್ತದೆ. ನಿಜವಾದ ಅಮೃತಶಿಲೆಯ ಪಾಡೂ ಅದೇ, ರಾಜಸ್ಥಾನದ ಮಕ್ರಾನಾದ್ದಿರಲಿ ಇಟಲಿಯ ಕರಾರಾದ್ದಿರಲಿ. ಪೂರ್ತಿ ಗಟ್ಟಿಯಾದ ಎಪಾಕ್ಸಿಗೆ ಅಡುಗೆಮನೆಯ ಹುಳಿಯಿಂದ ಆ ತೊಂದರೆ ಇಲ್ಲ. ಅರಿಶಿನವನ್ನು ಮಾತ್ರ ತಕ್ಷಣ ಒರೆಸಬೇಕು.

ಈಗ ತಯಾರಿ. ಲೇಪನ ಎದ್ದು ಬಂತು ಎಂಬ ದೂರು ಬಂದಲ್ಲೆಲ್ಲ ಮೊದಲು ನೋಡಬೇಕಾದ್ದು ಕೆಳಗಿನ ಮೇಲ್ಮೈಯನ್ನೇ. ವರ್ಷಗಟ್ಟಲೆ ಒಗ್ಗರಣೆ ಸಿಡಿದ ಕಲ್ಲಿನಲ್ಲಿ ಎಣ್ಣೆ ಕೂತಿರುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪಿನಲ್ಲಿ ಎರಡು ಸಲ ಉಜ್ಜಿ ತೊಳೆದು ಒಣಗಿಸಿ, ಅಸಿಟೋನ್ ಹಚ್ಚಿದ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಬಣ್ಣ ಹತ್ತುವುದು ನಿಲ್ಲುವವರೆಗೂ ಬಟ್ಟೆ ಬದಲಿಸುತ್ತಾ ಒರೆಸಬೇಕು. ಆಮೇಲೆ ಕಲ್ಲು ಉಜ್ಜುವ ಗ್ರೈಂಡರಿಗೆ 60 ಅಥವಾ 80 ನಂಬರಿನ ಪ್ಯಾಡ್ ಹಾಕಿ ಹೊಳಪೆಲ್ಲ ಹೋಗಿ ಮೇಲ್ಮೈ ಒಂದೇ ಸಮ ಮಂಕಾಗುವವರೆಗೆ ಉಜ್ಜಬೇಕು. ಮೊದಲು ಒರೆಸಿ ಆಮೇಲೆ ಉಜ್ಜುವ ಈ ಕ್ರಮ ಮುಖ್ಯ. ತಿರುಗಾಮುರುಗಾ ಮಾಡಿದರೆ ಎಣ್ಣೆ ಗೀರುಗಳ ಒಳಕ್ಕೆ ಇಳಿಯುತ್ತದೆ. ದೂಳು ತೆಗೆದು ನಾಲ್ಕು ಹನಿ ನೀರು ಚಿಮುಕಿಸಿ ನೋಡಿ: ಹರಡಿಕೊಂಡರೆ ಸರಿ, ಮಣಿಯಾಗಿ ನಿಂತರೆ ಎಣ್ಣೆ ಇನ್ನೂ ಇದೆ. ಸಿಂಕಿನ ಸುತ್ತಲಿನ ಸಿಲಿಕೋನನ್ನು ಕೆರೆದು ಪೂರ್ತಿ ತೆಗೆಯಿರಿ. ಅದರ ತುಣುಕು ಉಳಿದಲ್ಲಿ ರೆಸಿನ್ ಹಿಂದೆ ಸರಿದು ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ.

ತೇವ ಇನ್ನೊಂದು ಶತ್ರು. ಸಿಂಕಿನ ಪಕ್ಕಕ್ಕೆ ಪ್ಲಾಸ್ಟಿಕ್ ಹಾಳೆಯ ತುಂಡನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒಳಗೆ ಬೆವರಿದ್ದರೆ ಇನ್ನಷ್ಟು ಒಣಗಬೇಕು. ಹೊಸ ಸಿಮೆಂಟ್ ಕಟ್ಟೆಗೆ 28 ದಿನ ಆಗಿರಲೇಬೇಕು. ಬಿರುಕುಗಳಿಗೆ ಎಪಾಕ್ಸಿ ಪುಟ್ಟಿ ತುಂಬಿ, ರಸಮಟ್ಟ ಇಟ್ಟು ನೋಡಿ. ರೆಸಿನ್ ತಾನಾಗಿ ಮಟ್ಟವಾಗುತ್ತದೆ ಎಂದರೆ ಇಳಿಜಾರಿರುವ ಕಡೆಗೆ ಹರಿಯುತ್ತದೆ ಎಂದೇ ಅರ್ಥ. ಮುಂದಿನ ಚೂಪು ಅಂಚನ್ನು ಸ್ವಲ್ಪ ದುಂಡಗೆ ಮಾಡದಿದ್ದರೆ ಅಲ್ಲಿ ಲೇಪನ ತೆಳುವಾಗಿ ಕೆಳಗಿನ ಕಟ್ಟೆಯ ಬಣ್ಣ ಕಾಣುತ್ತದೆ.

ಎಷ್ಟು ಬೇಕು ಎಂಬ ಲೆಕ್ಕ ಸುಲಭ. ಒಂದು ಚದರ ಅಡಿಗೆ ಒಂದು ಮಿಲಿಮೀಟರ್ ದಪ್ಪಕ್ಕೆ ಸುಮಾರು 93 ಮಿಲಿಲೀಟರ್. ಹತ್ತು ಅಡಿ ಉದ್ದ, ಎರಡು ಅಡಿ ಅಗಲದ ಕಟ್ಟೆಗೆ ಮೊದಲ ತೆಳು ಕೋಟ್‌ಗೆ (ಒಂದು ಪದರ ಲೇಪನಕ್ಕೆ) ಅರ್ಧ ಲೀಟರ್, 2 ಮಿಲಿಮೀಟರ್ ಬಣ್ಣದ ಕೋಟ್‌ಗೆ ಅಂಚಿನಿಂದ ಸೋರುವುದೂ ಸೇರಿ ನಾಲ್ಕೂವರೆ ಲೀಟರ್, ಮೇಲಿನ ಪಾರದರ್ಶಕ ಕೋಟ್‌ಗೆ ಎರಡು ಲೀಟರ್, ಒಟ್ಟು ಏಳು. ಇದಕ್ಕಿಂತ ತೀರಾ ಕಡಿಮೆ ಹೇಳುವ ಗುತ್ತಿಗೆದಾರರು ದಪ್ಪವನ್ನು ಎಲ್ಲೋ ಉಳಿಸುತ್ತಿದ್ದಾರೆ. ಮೊದಲ ತೆಳು ಕೋಟನ್ನಂತೂ ಬಿಡುವ ಹಾಗಿಲ್ಲ. ಸಿಮೆಂಟಿನ ರಂಧ್ರಗಳ ಗಾಳಿ ಆಮೇಲೆ ಮೇಲೆದ್ದು ಗುಳ್ಳೆಯಾಗುವುದನ್ನು ತಡೆಯುವುದು ಅದೇ.

ರೆಸಿನ್ ಮತ್ತು ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಬೆರೆಸುವಾಗ ಡಬ್ಬಿಯ ಮೇಲಿನ ಪ್ರಮಾಣ ಅಳತೆಯದೋ ತೂಕದ್ದೋ ನೋಡಿಕೊಳ್ಳಿ. ಎರಡರ ಸಾಂದ್ರತೆ ಬೇರೆ. ಅಳತೆಯಲ್ಲಿ 2ಕ್ಕೆ 1 ಎಂದಿರುವುದು ತೂಕದಲ್ಲಿ 100ಕ್ಕೆ 42ರ ಹತ್ತಿರ ಇರಬಹುದು. ಅದನ್ನು ತಕ್ಕಡಿಯಲ್ಲಿ 100ಕ್ಕೆ 50 ಎಂದು ಹಾಕಿದರೆ ಹಾರ್ಡನರ್ ಐದನೇ ಒಂದು ಭಾಗದಷ್ಟು ಹೆಚ್ಚಾಗಿ, ಕಟ್ಟೆ ಎಷ್ಟು ದಿನ ಕಾದರೂ ಮೆತ್ತಗೇ ಉಳಿಯುತ್ತದೆ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಜಾಸ್ತಿ ಸುರಿಯುವವರಿಗೂ ಇದೇ ಗತಿ. ಮೂರು ನಿಮಿಷ ನಿಧಾನಕ್ಕೆ, ಬದಿ ಮತ್ತು ತಳ ಕೆರೆಯುತ್ತಾ ಬೆರೆಸಿ, ಬೇರೆ ಬಕೆಟಿಗೆ ಸುರಿದು ಇನ್ನೊಂದು ನಿಮಿಷ ಬೆರೆಸಿ. ಸುರಿದಾದ ಮೇಲೆ ಬಕೆಟಿನ ತಳ ಬಳಿದು ಕಟ್ಟೆಗೆ ಹಾಕಬೇಡಿ. ಸರಿಯಾಗಿ ಬೆರೆಯದ ಆ ಭಾಗವೇ ಅಂಟಂಟಾಗಿ ಉಳಿಯುವುದು. ಬಕೆಟಿನಲ್ಲಿ ಇಟ್ಟುಕೊಂಡು ಮಾತಾಡುತ್ತಾ ನಿಲ್ಲಲೂಬೇಡಿ, ರಾಶಿಯಾಗಿದ್ದಾಗ ಅದು ತಾನೇ ಕಾದು ಹೊಗೆಯಾಡುವುದುಂಟು.

ಅಮೃತಶಿಲೆಯ ನೋಟಕ್ಕೆ ಒಟ್ಟು ರೆಸಿನ್‌ನಲ್ಲಿ ಮುಕ್ಕಾಲು ಭಾಗ ಬಿಳಿ, ಉಳಿದದ್ದರಲ್ಲಿ ತಿಳಿಬೂದು ಹೆಚ್ಚು, ಗಾಢಬೂದು ಸ್ವಲ್ಪ. ಅಪ್ಪಟ ಕಪ್ಪು ಬೇಡವೇ ಬೇಡ. ಬಣ್ಣ ತೂಕದಲ್ಲಿ ನೂರಕ್ಕೆ ಐದು ದಾಟದಿರಲಿ, ದಾಟಿದರೆ ಗಟ್ಟಿತನ ತಗ್ಗುತ್ತದೆ. ಬಿಳಿ ಸುರಿದು ಹಲ್ಲಿನ ಕರಣೆಯಿಂದ ಹರಡಿ, ಹತ್ತು ಹದಿನೈದು ನಿಮಿಷ ಬಿಡಿ. ಬಿಳಿ ಸುರಿದ ಕೂಡಲೇ ಬೂದು ಬಣ್ಣದ ಎಳೆ ಬಿಟ್ಟರೆ ಬಣ್ಣ ಬಿಳಿಯಲ್ಲಿ ಕರಗಿ ಇಡೀ ಕಟ್ಟೆ ಬೂದಿ ಬಳಿದಂತಾಗುತ್ತದೆ. ಎಳೆಗಳು ಒಂದೇ ಕಡೆಗೆ ಓರೆಯಾಗಿ ಸಾಗಲಿ, ದಪ್ಪ ಸಣ್ಣ ಆಗುತ್ತಾ ಅಲ್ಲಲ್ಲಿ ಕವಲೊಡೆಯಲಿ, ಕೆಲವು ಅರ್ಧದಲ್ಲೇ ಮಾಯವಾಗಲಿ, ಮುಂದಿನ ಅಂಚಿನ ಮೇಲೂ ಇಳಿಯಲಿ. ಅಂಚಿಗೆ ಬಂದು ನಿಂತ ಎಳೆ ನಕಲಿ ಎಂದು ದೂರದಿಂದಲೇ ಸಾರುತ್ತದೆ. ಚಿನ್ನದ ಪುಡಿಯನ್ನು ಎಲ್ಲ ಎಳೆಗೂ ಹಾಕುವ ಈಗಿನ ಗೀಳು ನಮಗೆ ಹಿಡಿಸದು; ಇಟಲಿಯ ‘ಕಲಕಟ್ಟಾ’ ಅಮೃತಶಿಲೆಯ ಮಾದರಿಯಲ್ಲೂ ಹೊಂಬಣ್ಣ ಇರುವುದು ಕೆಲವೇ ಕಡೆ.

ಎಳೆಯ ಅಂಚು ಮೃದುವಾಗಲು ಐಸೊಪ್ರೊಪೈಲ್ ಆಲ್ಕೋಹಾಲ್ ಸಿಂಪಡಿಸುವುದೂ, ಗುಳ್ಳೆ ಒಡೆಯಲು ಬ್ಲೋ ಟಾರ್ಚ್ ಆಡಿಸುವುದೂ ಈ ಕೆಲಸದಲ್ಲಿ ಇದೆ. ಎರಡನ್ನೂ ಒಂದರ ಹಿಂದೆ ಒಂದು ಮಾಡಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಆಲ್ಕೋಹಾಲ್ ಬಳಸಿದ ದಿನ ಟಾರ್ಚ್ ಬಿಟ್ಟು ಹೀಟ್ ಗನ್ ಸಾಕು, ಅದೂ ಆಲ್ಕೋಹಾಲ್ ಪೂರ್ತಿ ಆರಿದ ಮೇಲೆ. ಗ್ಯಾಸ್ ಸಿಲಿಂಡರನ್ನು ಮೊದಲೇ ಹೊರಗಿಡಿ. ನೈಟ್ರೈಲ್ ಕೈಗವಸು, ರಾಸಾಯನಿಕ ಆವಿ ತಡೆಯುವ ಆರ್ಗ್ಯಾನಿಕ್ ವೇಪರ್ ಮಾಸ್ಕ್ ಇಲ್ಲದೆ ಯಾರಿಗೂ ಬೆರೆಸಲು ಕೊಡಬೇಡಿ. ಹಸಿ ಎಪಾಕ್ಸಿ ಮೈಗೆ ತಾಗಿ ಒಮ್ಮೆ ಅಲರ್ಜಿ ಶುರುವಾದರೆ ಅದು ಜೀವನಪೂರ್ತಿ ಉಳಿಯಬಹುದು, ಈ ಕಸುಬನ್ನೇ ಬಿಡಿಸಬಹುದು.

ಹವೆಯ ವಿಚಾರಕ್ಕೆ ಬಂದರೆ, ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದಲ್ಲಿ ಈ ಕೆಲಸ ಬೇಡ. ತೇವದ ಗಾಳಿಯಲ್ಲಿ ಹಾರ್ಡನರ್ ಮೇಲ್ಮೈಗೆ ಮೇಣದಂಥ ಪೊರೆ ಕಟ್ಟುತ್ತದೆ, ಅದನ್ನು ಸೋಪುನೀರಿನಲ್ಲಿ ತೊಳೆಯದೆ ಮುಂದಿನ ಕೋಟ್ ಹಾಕಿದರೆ ಅಂಟುವುದಿಲ್ಲ. ಬಯಲುಸೀಮೆಯ ಬೇಸಿಗೆಯಲ್ಲಿ ಬೆಳಗಿನ ಹೊತ್ತೇ ಮುಗಿಸಬೇಕು, ಏಕೆಂದರೆ ಹತ್ತು ಡಿಗ್ರಿ ಏರಿದರೆ ಕೈಯಲ್ಲಿರುವ ಸಮಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ದೀಪ ಹಾಕಿ ಸಂಜೆ ಸುರಿದವರ ಕಟ್ಟೆಯಲ್ಲಿ ಹುಳುಗಳೂ ಶಾಶ್ವತವಾಗಿ ಸೇರಿಕೊಳ್ಳುತ್ತವೆ.

ಮುಟ್ಟಿದರೆ ಅಂಟದ ಸ್ಥಿತಿ ಒಂದು ದಿನಕ್ಕೆ ಬರುತ್ತದೆ, ಹಗುರ ಬಳಕೆಗೆ ಮೂರು ದಿನ, ಪಾತ್ರೆ, ನೀರು, ಮಿಕ್ಸಿ ಎಲ್ಲಕ್ಕೂ ಏಳು ದಿನ. ಅಷ್ಟು ದಿನ ಅಡುಗೆ ಎಲ್ಲಿ ಎಂಬುದನ್ನು ಮೊದಲೇ ತೀರ್ಮಾನಿಸಿ. ಚಪಾತಿ ಹಿಟ್ಟನ್ನು ನೇರ ಅದರ ಮೇಲೆ ನಾದುವುದು, ತರಕಾರಿ ಹೆಚ್ಚುವುದು ಬೇಡ, ಮಣೆ ಇರಲಿ. ಕಿಟಕಿಯ ಬಿಸಿಲು ಬೀಳುವಲ್ಲಿ ಬಿಳಿ ನಿಧಾನಕ್ಕೆ ಹಳದಿಗೆ ತಿರುಗುತ್ತದೆ, ‘ಯುವಿ ನಿರೋಧಕ’ ಎಂಬ ಚೀಟಿ ಅದನ್ನು ತಡಮಾಡುತ್ತದೆ, ತಪ್ಪಿಸುವುದಿಲ್ಲ. ಗೀರು ಅಥವಾ ಉಂಗುರ ಬಿದ್ದರೆ ಕಟ್ಟೆ ಒಡೆಯಬೇಕಿಲ್ಲ: 220 ನಂಬರಿನ ಉಪ್ಪುಕಾಗದದಲ್ಲಿ ಇಡೀ ಮೇಲ್ಮೈ ಉಜ್ಜಿ, ಒರೆಸಿ, ಮತ್ತೆ ಒಂದು ಮಿಲಿಮೀಟರ್ ಪಾರದರ್ಶಕ ಕೋಟ್ ಕೊಟ್ಟರೆ ಆಯಿತು. ಉಳಿದ ಹಸಿ ರೆಸಿನನ್ನು ಸಿಂಕಿಗೆ ಸುರಿಯಬೇಡಿ, ಪೈಪಿನಲ್ಲಿ ಕಲ್ಲಾಗುತ್ತದೆ. ಹಳೆಯ ತಟ್ಟೆಯಲ್ಲಿ ತೆಳುವಾಗಿ ಹರಡಿ ಮನೆಯ ಹೊರಗಿಟ್ಟು, ಗಟ್ಟಿಯಾದ ಮೇಲೆ ಒಣಕಸಕ್ಕೆ ಹಾಕಿ.

ಇಂತಿ,
ಎಪಾಕ್ಸಿ ಲೇಪನದ ಕೆಲಸಗಾರರು, ದಾವಣಗೆರೆ